ಪಿ.ಜಿ. ಸೇರುವ ಮುನ್ನ ಕ್ಯಾಂಪಸ್ ನೋಡಿ ಬರುವುದು: ತುಮಕೂರು, ಕೋಲಾರ, ಮುದ್ದೇನಹಳ್ಳಿ – ಒಂದು ವಿಮರ್ಶೆ

ಎಂ.ಎ., ಎಂ.ಎಸ್ಸಿ.ಗೋ ಪಿಎಚ್‌.ಡಿ.ಗೋ ಸೇರುವ ಮುಂಚೆ ಆ ಜಾಗವನ್ನು ಕಣ್ಣಾರೆ ನೋಡಿ ಬರಲು ನಮ್ಮ ಕಡೆ ಏರ್ಪಾಡು ಅಂತ ಏನೂ ಇರುವುದಿಲ್ಲ. ಕರೆದುಕೊಂಡು ತಿರುಗಿಸುವವರಿಲ್ಲ, ಹೆಸರು ನೋಂದಾಯಿಸುವ ಕೌಂಟರ್ ಇಲ್ಲ, ಗೇಟಿನಲ್ಲಿ ಸ್ವಾಗತಿಸುವವರೂ ಇಲ್ಲ. ಆದ್ದರಿಂದ ಇದನ್ನು ಸೇವೆ ಎನ್ನುವುದು ಸ್ವಲ್ಪ ಧಾರಾಳವೇ ಸರಿ. ಆದರೂ ಒಂದು ದಿನ, ಬಸ್ ಚಾರ್ಜು, ಊಟದ ಖರ್ಚು ಹಾಕಿ ಮಾಡುವ ಕೆಲಸವಿದು. ಹಾಕಿದ್ದಕ್ಕೆ ತಕ್ಕದ್ದು ಸಿಗುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಅಳೆದಿರುವುದು ತುಮಕೂರು ವಿಶ್ವವಿದ್ಯಾಲಯ, ಕೋಲಾರದಲ್ಲಿ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿರುವ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಂದ್ರ – ಈ ಮೂರು ಕಡೆಯ ಭೇಟಿಯನ್ನು. ಅಂಕ ಕೊಟ್ಟಿರುವುದು ಭೇಟಿಗೆ. ಅಲ್ಲಿನ ಪಾಠಕ್ಕೋ ಪದವಿಗೋ ಕೊಟ್ಟ ಅಂಕ ಎಂದು ಯಾರೂ ಓದಿಕೊಳ್ಳಬಾರದು.

ಮೂರೂ ಕಡೆ ಹೋಗುವವರನ್ನು ಸುಸ್ತು ಮಾಡುವುದು ಒಂದೇ ವಿಷಯ: ಲೆಟರ್‌ಹೆಡ್ಡಿನ ವಿಳಾಸ ಒಂದು ಕಡೆ, ತರಗತಿ ನಡೆಯುವುದು ಇನ್ನೊಂದು ಕಡೆ. 2004ರಲ್ಲಿ ಬೆಂಗಳೂರು ವಿ.ವಿ.ಯಿಂದ ಬೇರೆಯಾದ ತುಮಕೂರು ವಿ.ವಿ.ಗೆ ಊರೊಳಗೆ ಬಿ.ಎಚ್. ರಸ್ತೆಯ ಹಳೆಯ ಕ್ಯಾಂಪಸ್ ಇದೆ, ಊರ ಹೊರಗೆ ಬಿದರಕಟ್ಟೆಯಲ್ಲಿ ‘ಜ್ಞಾನಸಿರಿ’ ಎಂಬ ಹೊಸ ಕ್ಯಾಂಪಸ್ಸೂ ಇದೆ. 2017ರಲ್ಲಿ ಹುಟ್ಟಿದ ಬೆಂಗಳೂರು ಉತ್ತರ ವಿ.ವಿ.ಯ ಹೆಸರಲ್ಲಿ ಬೆಂಗಳೂರು, ಕಚೇರಿ ಕೋಲಾರದ ಟಮಕದಲ್ಲಿ, ಸ್ನಾತಕೋತ್ತರ ಕೇಂದ್ರ ಮಂಗಸಂದ್ರದಲ್ಲಿ, ಹೊಸ ಕ್ಯಾಂಪಸ್ಸು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಸಮೀಪದ ಅಮರಾವತಿಯಲ್ಲಿ. ವಿಟಿಯು ಅಂದರೆ ಬೆಳಗಾವಿ. ಬೆಂಗಳೂರು ವಲಯದ ಅದರ ಸ್ನಾತಕೋತ್ತರ ಕೇಂದ್ರ ಇರುವುದು ಮುದ್ದೇನಹಳ್ಳಿಯಲ್ಲಿ. ಮ್ಯಾಪಿನಲ್ಲಿ ವಿಶ್ವವಿದ್ಯಾಲಯದ ಹೆಸರು ಹೊಡೆದು ಹೊರಟವರು ಆಡಳಿತ ಕಚೇರಿಯ ಮುಂದೆ ಇಳಿಯುತ್ತಾರೆ. ಅಲ್ಲಿ ನೋಡಲು ಸಿಗುವುದು ಕಡತಗಳು ಮಾತ್ರ. ಎರಡು ವರ್ಷ ಎಲ್ಲಿ ಕೂರುತ್ತೀರಿ, ಎಲ್ಲಿ ಮಲಗುತ್ತೀರಿ, ಇವೆರಡರ ನಡುವೆ ದಿನಾ ಎಷ್ಟು ಹೊತ್ತು ಬಸ್ಸಿನಲ್ಲಿ ನಿಲ್ಲುತ್ತೀರಿ – ಭೇಟಿಯಿಂದ ತಿಳಿಯಬೇಕಾದ ಮೊದಲ ಸಂಗತಿ ಇದು. ವೆಬ್‌ಸೈಟಿನ ಕಟ್ಟಡದ ಫೋಟೊ ಇದನ್ನು ಹೇಳುವುದಿಲ್ಲ.

ಆದ್ದರಿಂದ ಹೊರಡುವ ಹಿಂದಿನ ವಾರ ವಿಭಾಗಕ್ಕೇ ಫೋನ್ ಮಾಡಬೇಕು. ವಿಶ್ವವಿದ್ಯಾಲಯದ ಸಾಮಾನ್ಯ ನಂಬರಿಗೆ ಮಾಡಿದರೆ ನಾಲ್ಕು ಕಡೆ ತಿರುಗಿಸುತ್ತಾರೆ, ವಿಭಾಗದ ಪುಟದಲ್ಲಿ ಅಧ್ಯಕ್ಷರ ಇಮೇಲ್ ಇರುತ್ತದೆ, ಅದಕ್ಕೆ ನಾಲ್ಕು ಸಾಲು ಬರೆದರೆ ಸಾಕು: "ಸಾರ್, ನಾನು ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ, ಮಧುಗಿರಿಯ ಸರ್ಕಾರಿ ಪದವಿ ಕಾಲೇಜು. ಮುಂದಿನ ಸಾಲಿಗೆ ನಿಮ್ಮ ವಿಭಾಗಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಹತ್ತು ನಿಮಿಷ ಮಾತಾಡಲು, ಲ್ಯಾಬ್ ನೋಡಲು ಆಗುತ್ತದೆಯೇ? ತರಗತಿಗಳು ಈಗ ಯಾವ ಕ್ಯಾಂಪಸ್‌ನಲ್ಲಿ ನಡೆಯುತ್ತಿವೆ?" ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಸಮಯ ಮತ್ತು ವಾರ ಹೆಸರಿಸಿ ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. "ಯಾವಾಗ ಬರಲಿ ಸಾರ್" ಎಂದರೆ "ಬನ್ನಿ ನೋಡೋಣ" ಎಂದಷ್ಟೇ ಬರುತ್ತದೆ.

ದಿನ ಆರಿಸುವುದೇ ಅರ್ಧ ಕೆಲಸ. ಎರಡನೇ ಮತ್ತು ನಾಲ್ಕನೇ ಶನಿವಾರ ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ, ಉಳಿದ ಶನಿವಾರಗಳಲ್ಲೂ ಮಧ್ಯಾಹ್ನದ ಮೇಲೆ ಯಾರ ಕುರ್ಚಿಯನ್ನೂ ನಂಬುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಮೀಟಿಂಗುಗಳು. ಮಂಗಳವಾರದಿಂದ ಗುರುವಾರದವರೆಗಿನ ದಿನಗಳೇ ಗಟ್ಟಿ. ಸೆಮಿಸ್ಟರ್ ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಿ ವಿಭಾಗ ತೆರೆದಿದ್ದರೂ ಅಧ್ಯಾಪಕರು ಸಿಗುವುದಿಲ್ಲ. ಇನ್ನು ಪ್ರವೇಶಾತಿಯ ಕೌನ್ಸೆಲಿಂಗ್ ನಡೆಯುವ ವಾರ ಹೋದರೆ ಗದ್ದಲವೇ ಕ್ಯಾಂಪಸ್ ಎಂದು ತಿಳಿದು ವಾಪಸ್ ಬರುತ್ತೀರಿ. ಪದವಿಯ ಕೊನೆಯ ಸೆಮಿಸ್ಟರ್ ಶುರುವಾಗಿ ಒಂದು ತಿಂಗಳಾದ ಮೇಲೆ, ಪರೀಕ್ಷಾ ವೇಳಾಪಟ್ಟಿ ಬರುವ ಮುಂಚೆ ಹೋಗುವುದು ಒಳ್ಳೆಯದು. ಆಗ ಎರಡನೇ ವರ್ಷದ ಪಿ.ಜಿ. ವಿದ್ಯಾರ್ಥಿಗಳು ಅಲ್ಲಿ ಇರುತ್ತಾರೆ. ಅವರಿಲ್ಲದ ಕ್ಯಾಂಪಸ್ ನೋಡಿ ಏನೂ ಪ್ರಯೋಜನವಿಲ್ಲ.

ಸ್ಥಳೀಯವಾದ ಇನ್ನೊಂದು ತೊಡಕು: ಶಿವರಾತ್ರಿ. ಆ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ. ಕ್ಯಾತ್ಸಂದ್ರದ ಕಡೆ ಬಸ್ಸು ತೆವಳುತ್ತವೆ. ಅತ್ತ ನಂದಿಯಲ್ಲಿ ಭೋಗನಂದೀಶ್ವರನ ತೇರು. ಮುದ್ದೇನಹಳ್ಳಿಯ ದಾರಿಯೂ ಅದೇ ಸುತ್ತಮುತ್ತ. ಆ ವಾರ ದೇವರ ದರ್ಶನಕ್ಕೆ ಹೋಗಿ, ವಿಭಾಗ ನೋಡಲು ಇನ್ನೊಂದು ದಿನ ಇಟ್ಟುಕೊಳ್ಳಿ.

ತುಮಕೂರು

ಮೂರರಲ್ಲಿ ಹೋಗಿಬರಲು ಸಲೀಸಾದದ್ದು ಇದು. ಬೆಂಗಳೂರಿನಿಂದ ಸುಮಾರು 70 ಕಿ.ಮೀ., ಕೆಎಸ್‌ಆರ್‌ಟಿಸಿ ಬಸ್ಸೂ ಇವೆ, ರೈಲೂ ಇದೆ. ರಸ್ತೆಯಲ್ಲಿ ಬರುವವರ ಹೊತ್ತನ್ನು ಪೀಣ್ಯದಿಂದ ನೆಲಮಂಗಲದವರೆಗಿನ ದಟ್ಟಣೆ ನುಂಗುತ್ತದೆ, ಹಾಗಾಗಿ ಹನ್ನೊಂದಕ್ಕೆ ಸಮಯ ಕೇಳಿದ್ದರೆ ರೈಲೇ ವಾಸಿ. ತಿಪಟೂರು, ಗುಬ್ಬಿ ಕಡೆಯವರಿಗೂ ರೈಲು ಸಿಗುತ್ತದೆ. ಪಾವಗಡ, ಸಿರಾ, ಮಧುಗಿರಿಯವರಿಗೆ ಬಸ್ಸೇ ಗತಿ; ಅದರಲ್ಲೂ ಪಾವಗಡದಿಂದ ಬರುವವರು ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಸಾಕು. ಹಿಂದೂಪುರ, ಮಡಕಶಿರಾ ಕಡೆಯಿಂದ ಓದಲು ಬರುವ ಕನ್ನಡದ ಹುಡುಗಿಯರಿಗೆ ಆಧಾರ್ ಆಂಧ್ರದ್ದಾದರೆ ಇದು ಅನ್ವಯಿಸುವುದಿಲ್ಲ. ಎರಡು ವರ್ಷದ ಬಜೆಟ್ ಹಾಕುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಬಿ.ಎಚ್. ರಸ್ತೆಯ ಕ್ಯಾಂಪಸ್ ಊರ ನಡುವೆಯೇ ಇದೆ. ವಿಶ್ವವಿದ್ಯಾಲಯದ ಕಲಾ ಕಾಲೇಜು, ವಿಜ್ಞಾನ ಕಾಲೇಜು ಇಲ್ಲೇ ಇರುವುದರಿಂದ ಗೇಟಿನಲ್ಲಿ ಕಾಣುವ ಜನಸಂದಣಿಯಲ್ಲಿ ಪದವಿ ವಿದ್ಯಾರ್ಥಿಗಳೇ ಹೆಚ್ಚು, ಅದನ್ನು ಪಿ.ಜಿ. ವಿಭಾಗದ ಅಳತೆಗೋಲು ಮಾಡಿಕೊಳ್ಳಬಾರದು. ಬಿದರಕಟ್ಟೆಯ ಕ್ಯಾಂಪಸ್‌ಗೆ ಹೋಗಬೇಕಾದರೆ ಊರಿನಿಂದ ಹೊರಡುವ ಬಸ್ಸಿನ ವೇಳೆ ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಅಲ್ಲಿ ಜಾಗಕ್ಕೆ ಬರವಿಲ್ಲ, ಗಾಳಿ ಬೆಳಕಿಗೂ ಬರವಿಲ್ಲ. ಆದರೆ ಊರೊಳಗಿನ ಕ್ಯಾಂಪಸ್ಸಿನ ಹಾಗೆ ಗೇಟು ದಾಟಿದೊಡನೆ ಜೆರಾಕ್ಸ್ ಅಂಗಡಿ, ಮೆಡಿಕಲ್ ಸ್ಟೋರು, ಮೆಸ್ಸು ಸಿಗುತ್ತವೆ ಎಂದುಕೊಂಡು ಹೋಗಬೇಡಿ. ಬೆಳಿಗ್ಗೆ ಹೋಗುವ ಬಸ್ಸಿಗಿಂತ ಸಂಜೆ ಬರುವ ಬಸ್ಸು ಮುಖ್ಯ. ಸಂಜೆ ಐದರ ನಂತರ ಪ್ರಾಕ್ಟಿಕಲ್ ಮುಗಿಸಿದವರು ಹೇಗೆ ಊರು ಸೇರುತ್ತಾರೆ ಎಂಬುದನ್ನು ಅಲ್ಲೇ ನಿಂತು ನೋಡಿ, ಸಾಧ್ಯವಾದರೆ ಅವರ ಜೊತೆಗೇ ಅದೇ ಬಸ್ಸು ಹತ್ತಿ ಬನ್ನಿ. ದಿನದ ಯೋಜನೆಯಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಹತ್ತೂವರೆಗೆ ತಲುಪಿದರೆ ಮೊದಲು ವಿಭಾಗ, ಆಮೇಲೆ ಗ್ರಂಥಾಲಯ, ಒಂದೂವರೆಯ ಊಟದ ವಿರಾಮಕ್ಕೆ ಮುಂಚೆ ಕಚೇರಿ, ಊಟಕ್ಕೆ ಕ್ಯಾಂಟೀನು, ನಾಲ್ಕರ ಮೇಲೆ ಹಾಸ್ಟೆಲು – ಈ ಸರದಿ ಸರಿಹೋಗುತ್ತದೆ. ಬಹಳ ಮಂದಿ ಕಚೇರಿಯಿಂದ ಶುರು ಮಾಡುತ್ತಾರೆ. ಅಲ್ಲಿ "ನೋಟಿಫಿಕೇಶನ್ ಬಂದಾಗ ಬನ್ನಿ" ಎಂಬ ಒಂದು ಮಾತಿಗೆ ಮನಸ್ಸು ಮುರಿದು ವಾಪಸಾಗುತ್ತಾರೆ. ಕಚೇರಿಯವರ ಮಾತು ಸುಳ್ಳಲ್ಲ. ಅಧಿಸೂಚನೆ ಹೊರಡುವ ತನಕ ಅವರ ಕೈಯಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ.

ವಿಭಾಗದಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ ಖಾಯಂ ಅಧ್ಯಾಪಕರ ಸಂಖ್ಯೆ. ನಮ್ಮ ರಾಜ್ಯದ ವಿ.ವಿ.ಗಳಲ್ಲಿ ಬಹಳಷ್ಟು ಪಾಠ ನಡೆಸುವವರು ಅತಿಥಿ ಉಪನ್ಯಾಸಕರು. ಅವರಲ್ಲಿ ಅತ್ಯುತ್ತಮ ಮೇಷ್ಟರುಗಳೂ ಇದ್ದಾರೆ, ಅದು ಬೇರೆ ಮಾತು. ಆದರೆ ಅವರ ನೇಮಕ ವರ್ಷ ವರ್ಷ ನಡೆಯುವುದರಿಂದ, ಅದು ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. "ಖಾಯಂ ಎಷ್ಟು ಜನ ಸಾರ್" ಎಂದು ಅಧ್ಯಕ್ಷರನ್ನು ಕೇಳುವುದಕ್ಕೆ ಮುಜುಗರವಾದರೆ ಕಾರಿಡಾರಿನ ನೇಮ್‌ಪ್ಲೇಟ್ ಎಣಿಸಿ, ವೇಳಾಪಟ್ಟಿಯಲ್ಲಿರುವ ಹೆಸರಿನ ಇನಿಷಿಯಲ್ಲುಗಳ ಜೊತೆ ತಾಳೆ ನೋಡಿ. ವೇಳಾಪಟ್ಟಿ ಸಾಮಾನ್ಯವಾಗಿ ನೋಟಿಸ್ ಬೋರ್ಡಿನಲ್ಲೇ ಇರುತ್ತದೆ, ಫೋಟೊ ತೆಗೆಯಲು ಯಾರೂ ಬೇಡ ಎನ್ನುವುದಿಲ್ಲ.

ಎರಡನೆಯದು ಐಚ್ಛಿಕ ಪತ್ರಿಕೆಗಳು. ಸಿಲಬಸ್ ಪುಸ್ತಕದಲ್ಲಿ ಅಚ್ಚಾಗಿರುವ ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್‌ಗಳೆಲ್ಲ ನಡೆಯುವುದಿಲ್ಲ. ಹೇಳಿಕೊಡುವವರು ಇದ್ದದ್ದು, ಸಾಕಷ್ಟು ಜನ ಆಯ್ದುಕೊಂಡದ್ದು ಮಾತ್ರ ನಡೆಯುತ್ತದೆ. "ಕಳೆದ ಎರಡು ವರ್ಷ ನಿಜವಾಗಿ ಯಾವ ಎಲೆಕ್ಟಿವ್ ನಡೆದವು?" ಎಂದು ಕೇಳಿ. ಯಾವುದೋ ಒಂದು ವಿಶೇಷ ಪತ್ರಿಕೆಗಾಗಿಯೇ ವಿಭಾಗ ಆರಿಸಿದವರಿಗೆ ಇದರ ಉತ್ತರವೇ ತೀರ್ಮಾನ. ನಾಲ್ಕನೇ ವರ್ಷದ ಆನರ್ಸ್ ಮುಗಿಸಿದವರು ತಮಗೆ ಒಂದು ವರ್ಷದ ಪಿ.ಜಿ. ಇದೆಯೇ, ಇಲ್ಲವೇ ಎಂಬುದನ್ನೂ ಇಲ್ಲೇ ಕೇಳಬೇಕು.

ವಿಜ್ಞಾನದವರಿಗೆ ಲ್ಯಾಬ್. ಇಲ್ಲಿ ತಾಳ್ಮೆ ಬೇಕು, ಯಾಕೆಂದರೆ ಎಲ್ಲ ಲ್ಯಾಬುಗಳೂ ಬಾಗಿಲಿನಿಂದ ನೋಡಿದರೆ ಒಂದೇ ಥರ. "ಉಪಕರಣ ಇದೆಯೇ" ಎಂದು ಕೇಳಿದರೆ ಇದೆ ಎನ್ನುತ್ತಾರೆ, ಇರುತ್ತದೆ ಕೂಡ. ಕೇಳಬೇಕಾದದ್ದು ಅದರ ಲಾಗ್ ಬುಕ್ಕು, ಅಂದರೆ ಯಾರು ಯಾವಾಗ ಬಳಸಿದರು ಎಂದು ಬರೆದಿಡುವ ಪುಸ್ತಕ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೊಫೋಟೊಮೀಟರ್ ಪಕ್ಕದಲ್ಲಿ ನೇತಾಡುವ ಆ ಪುಸ್ತಕದಲ್ಲಿ ಕೊನೆಯ ನಮೂದು ಹೋದ ವಾರದ್ದೋ, ಎರಡು ವರ್ಷದ ಹಿಂದಿನದೋ ಎಂಬುದು ವಿಭಾಗದ ಬಗ್ಗೆ ಪ್ರಾಸ್ಪೆಕ್ಟಸ್ಸಿಗಿಂತ ಹೆಚ್ಚು ಹೇಳುತ್ತದೆ. ಆ ಯಂತ್ರದಲ್ಲಿ ಎರಡು ದೀಪ ಇರುತ್ತವೆ: ಕಣ್ಣಿಗೆ ಕಾಣುವ ಬೆಳಕಿಗೆ ಟಂಗ್‌ಸ್ಟನ್ ಹ್ಯಾಲೊಜನ್, ಅತಿನೇರಳೆಗೆ ಡ್ಯೂಟೀರಿಯಂ. ಎರಡನೆಯದು ಬೇಗ ಸವೆಯುತ್ತದೆ, ಬದಲಿಸಲು ದುಡ್ಡು ಬೇಕು, ದುಡ್ಡು ಬರಲು ಕಡತ ಓಡಬೇಕು. ಹಾಗಾಗಿ ಯಂತ್ರ ಆನ್ ಆಗುತ್ತದೆ, ಬಣ್ಣದ ದ್ರಾವಣಕ್ಕೆ ರೀಡಿಂಗ್ ಕೊಡುತ್ತದೆ, ಪ್ರೋಟೀನಿಗೋ ಡಿಎನ್‌ಎಗೋ 280, 260 ನ್ಯಾನೊಮೀಟರಿನಲ್ಲಿ ಅಳೆಯಲು ಹೋದರೆ ಕೈಕೊಡುತ್ತದೆ. "ಡ್ಯೂಟೀರಿಯಂ ಲ್ಯಾಂಪ್ ಇದೆಯಾ ಸಾರ್?" ಎಂದು ಲ್ಯಾಬ್ ಸಹಾಯಕರನ್ನು ಕೇಳಿ ನೋಡಿ, ಕೆಲಸ ಗೊತ್ತಿರುವವರು ಬಂದಿದ್ದಾರೆ ಎಂದು ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ರಸಾಯನಶಾಸ್ತ್ರದವರು ವಿಷಗಾಳಿಯನ್ನು ಹೊರಕ್ಕೆಳೆಯುವ ಫ್ಯೂಮ್ ಹುಡ್ ಚಾಲು ಮಾಡಿಸಿ, ಅದರ ಬಾಯಿಗೆ ಒಂದು ತುಂಡು ಟಿಶ್ಯೂ ಪೇಪರ್ ಹಿಡಿಯಬೇಕು. ಒಳಕ್ಕೆ ಎಳೆದರೆ ಸರಿ. ಸುಮ್ಮನೆ ಜೋತುಬಿದ್ದರೆ ಎಕ್ಸಾಸ್ಟ್ ಕೆಲಸ ಮಾಡುತ್ತಿಲ್ಲ, ಅಥವಾ ಹುಡ್ಡನ್ನು ಬಾಟಲಿ ಇಡುವ ಬೀರು ಮಾಡಿಕೊಂಡಿದ್ದಾರೆ. ಜೀವಶಾಸ್ತ್ರದವರು ಆಟೊಕ್ಲೇವಿಗೆ (ಹಬೆಯಲ್ಲಿ ಸಾಮಾನುಗಳನ್ನು ಕ್ರಿಮಿಶುದ್ಧ ಮಾಡುವ ಯಂತ್ರ) ಎಷ್ಟು ಸರದಿ, ಡೀಪ್ ಫ್ರೀಜರ್‌ಗೆ ಜನರೇಟರ್ ಸಂಪರ್ಕ ಇದೆಯೇ ಎಂದು ಕೇಳಬೇಕು. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋದರೆ ವರ್ಷದ ಸ್ಯಾಂಪಲ್ ಹಾಳಾಗುವುದು ಈ ಒಂದು ತಂತಿ ಇಲ್ಲದ್ದರಿಂದಲೇ. ಒಂದು ಬ್ಯಾಚಿಗೆ ಎಷ್ಟು ಜನ, ಒಂದು ಪ್ರಯೋಗಕ್ಕೆ ಎಷ್ಟು ಸೆಟ್ – ಈ ಎರಡು ಸಂಖ್ಯೆ ಬರೆದುಕೊಳ್ಳಿ. ನಾಲ್ಕು ಜನಕ್ಕೆ ಒಂದು ಸೆಟ್ ಎಂದರೆ ಒಬ್ಬರು ಮಾಡುತ್ತಾರೆ, ಮೂವರು ರೆಕಾರ್ಡ್ ಬರೆಯುತ್ತಾರೆ.

ಕನ್ನಡ, ಇತಿಹಾಸ, ಅರ್ಥಶಾಸ್ತ್ರದವರಿಗೆ ಲ್ಯಾಬಿನ ಜಾಗದಲ್ಲಿ ಇರುವುದು ಕಿರುಪ್ರಬಂಧಗಳ ಕಪಾಟು. ಹಿಂದಿನ ವರ್ಷದವರ ಪ್ರಬಂಧ ನಾಲ್ಕು ತೆಗೆದು ವಿಷಯ, ಅಡಿಟಿಪ್ಪಣಿ, ಕ್ಷೇತ್ರಕಾರ್ಯದ ಪುಟ ನೋಡಿ. ಎಲ್ಲದರ ಮುನ್ನುಡಿ ಒಂದೇ ಥರ ಇದ್ದರೆ ಮಾರ್ಗದರ್ಶನವೂ ಅಷ್ಟರಲ್ಲೇ ಇದೆ. ಗ್ರಂಥಾಲಯದಲ್ಲಿ ನಿಮ್ಮ ವಿಷಯದ ಕಪಾಟಿಗೆ ನೇರ ಹೋಗಿ ಇತ್ತೀಚಿನ ಪುಸ್ತಕ ಯಾವ ವರ್ಷದ್ದು ಎಂದು ನೋಡುವುದಕ್ಕೆ ಐದು ನಿಮಿಷ ಸಾಕು. ಹೊರಗಿನವರನ್ನು ಒಳಗೆ ಬಿಡಲು ಗುರುತಿನ ಚೀಟಿ ಕೇಳುತ್ತಾರೆ, ಕಾಲೇಜಿನ ಐ.ಡಿ. ಕಾರ್ಡು ಜೇಬಿನಲ್ಲಿರಲಿ.

ಮೂರನೆಯದು ಸೀಟಿನ ಲೆಕ್ಕ. ಒಟ್ಟು ಎಷ್ಟು, ಪೇಮೆಂಟ್ ಸೀಟು ಎಷ್ಟು, ಬೇರೆ ವಿ.ವಿ.ಯಿಂದ ಬರುವವರಿಗೆ ಎಷ್ಟು. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಪದವಿ ಮಾಡಿದವರು ತುಮಕೂರಿಗೆ ಬಂದರೆ ಹೊರಗಿನವರೇ. ಓದಿದ ವಿ.ವಿ. ಕೊಡುವ ಮೈಗ್ರೇಶನ್ ಸರ್ಟಿಫಿಕೇಟೂ (ವಲಸೆ ಪತ್ರ) ಬೇಕಾಗುತ್ತದೆ. ಅದು ಕೈಗೆ ಬರಲು ತಡವಾಗಿ ಪ್ರವೇಶ ತೂಗುಯ್ಯಾಲೆಯಲ್ಲಿ ನಿಲ್ಲುವುದು ಪ್ರತಿ ಸಾಲಿನ ಮಾಮೂಲು, ಆದ್ದರಿಂದ ಫಲಿತಾಂಶ ಬಂದ ಮರುದಿನವೇ ಅದಕ್ಕೆ ಅರ್ಜಿ ಹಾಕಿಬಿಡಿ. ಪ್ರವೇಶದ ಅರ್ಜಿ ನಡೆಯುವುದು ಆನ್‌ಲೈನಿನಲ್ಲಿ, ರಾಜ್ಯದ ವಿ.ವಿ.ಗಳಿಗೆಲ್ಲ ಒಂದೇ ಆದ ಯುಯುಸಿಎಂಎಸ್ ಪೋರ್ಟಲಿನ ಮೂಲಕ. ಜಾತಿ-ಆದಾಯ ಪತ್ರದ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು, ಆಧಾರಿನ ಹೆಸರು ಮೂರೂ ಅಕ್ಷರ ಅಕ್ಷರ ಹೊಂದಬೇಕು. ಹೊಂದದಿದ್ದರೆ ಏನು ತಿದ್ದಿಸಬೇಕು ಎಂದು ಭೇಟಿಯ ದಿನ ಕಚೇರಿಯಲ್ಲಿ ಕೇಳಿದರೆ ಮೂರು ತಿಂಗಳ ಸಮಯ ಕೈಯಲ್ಲಿರುತ್ತದೆ.

ಮೂಲ ದಾಖಲೆಗಳನ್ನು ಭೇಟಿಗೆ ಒಯ್ಯುವ ಅಗತ್ಯವಿಲ್ಲ, ಜೆರಾಕ್ಸ್ ಒಂದು ಸೆಟ್ ಸಾಕು. ಪ್ರವೇಶದ ವೇಳೆ ಕೂಡ ಮೂಲ ಪ್ರತಿ ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂಬುದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಗೇಟಿನ ಹತ್ತಿರ "ಸೀಟು ಮಾಡಿಸಿಕೊಡ್ತೀನಿ" ಎನ್ನುವವರು ಸಿಕ್ಕರೆ ಮಾತಿಗೆ ನಿಲ್ಲಬೇಡಿ.

ಹಾಸ್ಟೆಲ್ ವಿಷಯದಲ್ಲಿ ಗೊಂದಲ ಹೆಚ್ಚು. ವಿಶ್ವವಿದ್ಯಾಲಯದ ಹಾಸ್ಟೆಲ್ ಬೇರೆ; ಸಮಾಜ ಕಲ್ಯಾಣ ಇಲಾಖೆಯದು, ಹಿಂದುಳಿದ ವರ್ಗಗಳ ಇಲಾಖೆಯದು – ಜನ ಬಿಸಿಎಂ ಹಾಸ್ಟೆಲ್ ಅನ್ನುತ್ತಾರಲ್ಲ, ಅದು – ಬೇರೆ. ಇಲಾಖೆಯ ಹಾಸ್ಟೆಲಿಗೆ ರಾಜ್ಯದ ಹಾಸ್ಟೆಲ್ ಪೋರ್ಟಲಿನಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ವಾರ್ಡನ್ ಎಷ್ಟು ಒಳ್ಳೆಯವರಾದರೂ ಬಾಯಿಮಾತಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ. ಸೀಟು ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ಊಟ-ವಸತಿ ನೆರವು ಇದೆ, ಅದು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನ ಅರ್ಜಿಯಿಂದ. ಆ ದುಡ್ಡು ಖಾತೆಗೆ ಬರುವುದು ತಡವಾಗಿ, ರೂಮಿನ ಅಡ್ವಾನ್ಸ್ ಕೊಡಬೇಕಾದದ್ದು ಮೊದಲೇ. ಹಾಸ್ಟೆಲ್ ನೋಡಲು ಹೋದಾಗ ಕೋಣೆ ಮುಖ್ಯವಲ್ಲ. ಅಡುಗೆಮನೆಯ ಹಿಂದಿನ ನೀರಿನ ವ್ಯವಸ್ಥೆ ನೋಡಿ, ಬೆಳಿಗ್ಗೆ ಏಳಕ್ಕೆ ಬಚ್ಚಲಿನಲ್ಲಿ ನೀರು ಬರುತ್ತದೆಯೇ ಎಂದು ಅಲ್ಲಿರುವವರನ್ನು ಕೇಳಿ. ರಾತ್ರಿ ಬಾಗಿಲು ಹಾಕುವ ಹೊತ್ತನ್ನೂ ಕೇಳಿ. ಲ್ಯಾಬಿನಲ್ಲಿ ತಡವಾಗುವ ಹೆಣ್ಣುಮಕ್ಕಳಿಗೆ ಪತ್ರ ಕೊಟ್ಟರೆ ಬಿಡುತ್ತಾರೆಯೇ ಎಂಬುದು ಅದರ ಮುಂದಿನ ಪ್ರಶ್ನೆ.

ತುಮಕೂರಿನ ಭೇಟಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಎರಡು ಕ್ಯಾಂಪಸ್ ಒಂದೇ ದಿನ ಮುಗಿಸುವ ತ್ರಾಸಕ್ಕೆ. ಎಂ.ಟೆಕ್. ನೋಡುವವರು ಅದೇ ಬಿ.ಎಚ್. ರಸ್ತೆಯಲ್ಲಿರುವ, 1963ರಲ್ಲಿ ಶುರುವಾದ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜನ್ನೂ ಅದೇ ದಿನ ನೋಡಬಹುದು. ಅಲ್ಲಿಂದ ಕ್ಯಾತ್ಸಂದ್ರ ಹತ್ತಿರವೇ, ತಟ್ಟೆ ಇಡ್ಲಿ ತಿನ್ನದೆ ಬಂದರೆ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಕೋಲಾರ

ಬೆಂಗಳೂರಿನಿಂದ ಕೋಲಾರಕ್ಕೆ ಬರುವಾಗ ಊರಿಗೆ ಮುಂಚೆಯೇ ಹೆದ್ದಾರಿಯಲ್ಲಿ ಟಮಕ ಸಿಗುತ್ತದೆ. ದೇವರಾಜ ಅರಸು ವೈದ್ಯಕೀಯ ಕಾಲೇಜು, ಜಾಲಪ್ಪ ಆಸ್ಪತ್ರೆ ಇರುವುದೂ ಇಲ್ಲೇ. ಬರೀ "ಟಮಕ" ಎಂದು ಆಟೊ ಹತ್ತಿದರೆ ಆಸ್ಪತ್ರೆ ಬಾಗಿಲಲ್ಲಿ ಇಳಿಸಿಯಾರು, ವಿ.ವಿ. ಹೆಸರು ಪೂರ್ತಿ ಹೇಳಿ. ಆದರೆ ಪಿ.ಜಿ. ನೋಡಲು ಬಂದವರಿಗೆ ಟಮಕದಲ್ಲಿ ಕೆಲಸ ಕಡಿಮೆ, ಅವರು ಹೋಗಬೇಕಾದದ್ದು ಮಂಗಸಂದ್ರಕ್ಕೆ. ಪಿಎಚ್‌.ಡಿ. ಕಡತ, ಅರ್ಹತಾ ಪತ್ರ ಇಂಥ ಕೆಲಸಕ್ಕೆ ಮಾತ್ರ ಕಚೇರಿ. ಎರಡನ್ನೂ ಒಂದೇ ಅರ್ಧ ದಿನದಲ್ಲಿ ಮುಗಿಸುವುದಾದರೆ ಮಂಗಸಂದ್ರ ಮೊದಲು, ವಾಪಸ್ ಬೆಂಗಳೂರು ಬಸ್ ಹತ್ತುವ ದಾರಿಯಲ್ಲಿ ಟಮಕ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದು: ನಾನು ಸೇರುವ ಎರಡು ವರ್ಷದೊಳಗೆ ನನ್ನ ವಿಭಾಗ ಅಮರಾವತಿಗೆ ಹೋಗುವ ಯೋಚನೆ ಇದೆಯೇ? ಬಂಗಾರಪೇಟೆ, ಮುಳಬಾಗಿಲಿನಿಂದ ದಿನಾ ಓಡಾಡುವ ಲೆಕ್ಕದಲ್ಲಿ ಸೇರಿದವರಿಗೆ ಜಂಗಮಕೋಟೆ ಬೇರೆಯದೇ ದಿಕ್ಕು. ಶಿಡ್ಲಘಟ್ಟ, ಚಿಂತಾಮಣಿಯವರಿಗೆ ಅದೇ ಹತ್ತಿರ. ಒಂದೇ ಸ್ಥಳಾಂತರ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ರೂಮು ಬಾಡಿಗೆ. ಇನ್ನೊಂದು ಸಂಗತಿ: ಈ ವಿ.ವಿ.ಯ ಪದವಿ ಕೊಡುವ ಸಂಯೋಜಿತ ಕಾಲೇಜುಗಳಲ್ಲೂ ಎಂ.ಕಾಂ., ಎಂ.ಎ. ಇವೆ. ಪದವಿ ಪತ್ರ ಒಂದೇ ಆದರೂ ಅಧ್ಯಾಪಕರು, ಗ್ರಂಥಾಲಯ ಬೇರೆ. ಮನೆಗೆ ಹತ್ತಿರವೆಂದು ಕಾಲೇಜು ಆರಿಸುವವರು ಅದನ್ನೂ ಇದೇ ಪ್ರಶ್ನೆಗಳೊಂದಿಗೆ ನೋಡಬೇಕು.

ನೀರಿನ ಮಾತು ಇಲ್ಲಿ ಔಪಚಾರಿಕವಲ್ಲ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕ ಎಲ್ಲಿದೆ, ಕೆಟ್ಟಾಗ ಏನು ಮಾಡುತ್ತಾರೆ ಎಂದು ಹಾಸ್ಟೆಲಿನಲ್ಲೂ ರೂಮಿನ ಮಾಲೀಕರಲ್ಲೂ ಕೇಳಬೇಕು. ಭೇಟಿಗೆ ಐದಕ್ಕೆ ಮೂರು. ಮಂಗಸಂದ್ರ ಮತ್ತು ಟಮಕ ಒಂದೇ ಆವರಣದಲ್ಲಿದ್ದಿದ್ದರೆ ಇನ್ನೂ ಅರ್ಧ ಸೇರುತ್ತಿತ್ತು.

ಮುದ್ದೇನಹಳ್ಳಿ

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು, ಅವರ ಸಮಾಧಿ ಇರುವ ಜಾಗ. ನಂದಿಬೆಟ್ಟದ ಮಗ್ಗುಲಿನ ಈ ಪರಿಸರ ಮೂರರಲ್ಲಿ ಎಲ್ಲಕ್ಕಿಂತ ಚೆಂದ, ಅದೇ ಅಪಾಯ ಕೂಡ: ಬೆಟ್ಟ ನೋಡಿ ಮನಸ್ಸು ಮಾಡಿಬಿಡುತ್ತಾರೆ. ಶನಿವಾರ, ಭಾನುವಾರ ಬೆಟ್ಟಕ್ಕೆ ಹೋಗುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡು ತಲುಪಿದರೆ ಕಚೇರಿ ಬಾಗಿಲು ಹಾಕಿರುತ್ತದೆ. ಚಿಕ್ಕಬಳ್ಳಾಪುರದಿಂದ ವಾರದ ದಿನ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸಾಗುವುದು ಜಾಣತನ.

ಇಲ್ಲಿಗೆ ಪ್ರವೇಶ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಇಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಪರೀಕ್ಷೆಯಾದ ಗೇಟ್ (GATE) ಅಂಕವಿದ್ದವರಿಗೆ ಎಂ.ಟೆಕ್.ನಲ್ಲಿ ಆದ್ಯತೆ. ಆದ್ದರಿಂದ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಸಲ್ಲಿಸುವುದಕ್ಕೆ, ಮುಂಚೆ ನೋಡಿ ಬರಬೇಕು, ಸೀಟು ಹಂಚಿಕೆಯಾದ ಮೇಲೆ ನೋಡಲು ಹೋದರೆ ಒಪ್ಪುವುದೋ ಬಿಡುವುದೋ ಎರಡೇ ದಿನದಲ್ಲಿ ತೀರ್ಮಾನಿಸುವ ಇಕ್ಕಟ್ಟು. ಗೇಟ್ ಅರ್ಹತೆ ಇರುವವರು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ವಿದ್ಯಾರ್ಥಿವೇತನ, ಅಂದರೆ ತಿಂಗಳಿಗೆ 12,400 ರೂಪಾಯಿ, ಹಿಂದಿನ ಬ್ಯಾಚಿಗೆ ಯಾವ ತಿಂಗಳಿನಿಂದ ಬಂತು ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಬೇಕು. ಸಂಸ್ಥೆ ಪೋರ್ಟಲಿನಲ್ಲಿ ಹೆಸರು ಪರಿಶೀಲಿಸಿ, ತಿಂಗಳು ತಿಂಗಳು ಹಾಜರಾತಿ ದೃಢಪಡಿಸದಿದ್ದರೆ ಹಣ ಬರುವುದಿಲ್ಲ. ತಡವಾಗುವ ಕಾರಣ ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಭೇಟಿಗೆ ಮೂರೂವರೆ, ಊಟದ ಆಯ್ಕೆ ಕಡಿಮೆ, ಸಂಜೆಯ ಬಸ್ಸು ವಿರಳ.

ಪಿಎಚ್‌.ಡಿ.ಗಾಗಿ ಹೋಗುವವರಿಗೆ

ಇವರ ಭೇಟಿ ಕ್ಯಾಂಪಸ್ಸಿಗಲ್ಲ, ಒಬ್ಬ ವ್ಯಕ್ತಿಗೆ – ಸಂಶೋಧನೆಗೆ ಮಾರ್ಗದರ್ಶಕರಾಗುವ ಗೈಡ್‌ಗೆ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಸಂಶೋಧಕರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅಂದರೆ ಗೈಡ್ ಒಳ್ಳೆಯವರು ಎಂದು ಗೊತ್ತಾದರೆ ಸಾಲದು, ಜಾಗ ಖಾಲಿ ಇದೆಯೇ, ನಿವೃತ್ತಿ ಯಾವಾಗ ಎಂಬ ಎರಡು ಪ್ರಶ್ನೆಗೆ ಉತ್ತರ ಬೇಕು. "ಸಾರ್, ಈ ಸಾಲಿಗೆ ನಿಮ್ಮಲ್ಲಿ ಎಷ್ಟು ಸ್ಥಾನ ಇದೆ?" ಎಂದು ವಿನಯವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿವೃತ್ತಿಯ ವಿಷಯವನ್ನು ಅವರ ವಿದ್ಯಾರ್ಥಿಗಳಿಂದ ತಿಳಿಯುವುದು ಲೇಸು.

ಹೋಗುವ ಮುಂಚೆ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ತಾಣದಲ್ಲಿ ಅವರ ಹೆಸರು ಹಾಕಿ, ಅವರ ಕೈಕೆಳಗೆ ಮುಗಿದ ಪ್ರಬಂಧಗಳನ್ನು ತೆರೆದು ನೋಡಿ. ಎರಡಾದರೂ ಪೀಠಿಕೆ ಓದಿಕೊಂಡು ಹೋದರೆ ಹತ್ತು ನಿಮಿಷದ ಮಾತು ನಲವತ್ತು ನಿಮಿಷವಾಗುತ್ತದೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮೂಲಕ ಬರುವವರು, ಜೆಆರ್‌ಎಫ್ (ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ಫೆಲೋಶಿಪ್) ಇಲ್ಲದಿದ್ದರೆ, ಪ್ರವೇಶದಲ್ಲಿ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಶೇಕಡಾ ತೂಕ ಎಂದೂ, ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿ ಎಂದೂ ನೆನಪಿಡಬೇಕು. ವಿ.ವಿ.ಯ ಅಧಿಸೂಚನೆ ಆ ಒಂದು ವರ್ಷದೊಳಗೆ ಬರುವ ಸೂಚನೆ ಇದೆಯೇ ಎಂದು ಕೇಳುವುದು ಅದಕ್ಕೇ. ಫೆಲೋಶಿಪ್ ಇಲ್ಲದೆ ಸೇರುವವರು ವಿ.ವಿ.ಯಿಂದ ಏನಾದರೂ ನೆರವಿದೆಯೇ ಎಂದು ಕೇಳಿ, "ಪ್ರಯತ್ನ ಮಾಡೋಣ" ಎಂಬ ಉತ್ತರ ಬಂದರೆ ಅದನ್ನು ಸೊನ್ನೆ ಎಂದು ಬರೆದುಕೊಳ್ಳಿ.

ಯಾರು ಹೋಗುವ ಅಗತ್ಯವಿಲ್ಲ? ಅದೇ ಕ್ಯಾಂಪಸ್ಸಿನ ಕಾಲೇಜಿನಲ್ಲಿ ಪದವಿ ಓದುತ್ತಿರುವವರು ಬಿಡುವಿನ ಒಂದು ಪೀರಿಯಡ್ಡಿನಲ್ಲಿ ಪಿ.ಜಿ. ವಿಭಾಗಕ್ಕೆ ಹೋಗಿ ಬಂದರೆ ಆಯಿತು. ಪಾವಗಡದಂಥ ದೂರದ ಊರಿನವರು, ಅದೇ ಕಾಲೇಜಿನಿಂದ ಹಿಂದಿನ ವರ್ಷ ಸೇರಿದವರ ನಂಬರು ಸಿಕ್ಕರೆ, ವಿಡಿಯೊ ಕಾಲ್‌ನಲ್ಲಿ ಲಾಗ್ ಬುಕ್ಕು, ಬಚ್ಚಲು, ಸಂಜೆಯ ಬಸ್ಸು ಮೂರನ್ನೂ ತೋರಿಸಿ ಎಂದು ಕೇಳಬಹುದು.

ಹೋಗಿ ಬಂದವರು ಮರುದಿನವೇ ವಿಭಾಗಕ್ಕೆ ಇಮೇಲ್ ಹಾಕಿ, ಮಾತಿನಲ್ಲಿ ಕೇಳಿದ್ದರಲ್ಲಿ ಅತಿ ಮುಖ್ಯವಾದ ಒಂದನ್ನು – ತರಗತಿ ಯಾವ ಕ್ಯಾಂಪಸ್, ಆ ಎಲೆಕ್ಟಿವ್ ಇದೆಯೇ, ಗೈಡ್ ಬಳಿ ಸ್ಥಾನ ಇದೆಯೇ – ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಅಧಿಸೂಚನೆ ಹೊರಟ ದಿನ ಅದರಲ್ಲಿ ಅಚ್ಚಾದ ಸೀಟು, ಸ್ಥಳ, ಶುಲ್ಕವನ್ನು ನಿಮ್ಮ ನೋಟ್‌ಬುಕ್ಕಿನ ಜೊತೆ ಹೋಲಿಸಿ. ಎರಡೂ ಬೇರೆ ಬೇರೆ ಇದ್ದಲ್ಲಿ ಅಚ್ಚಾದದ್ದೇ ಲೆಕ್ಕಕ್ಕೆ ಬರುತ್ತದೆ.